ಹಾವಿನ ಹಾಡು ಮತ್ತು ನನ್ನ ಕವಾಯತು

ಪಂಜೆ ಮಂಗೇಶರಾಯರ ‘ಹಾವಿನ ಹಾಡು’ ಪದ್ಯವನ್ನು ಮೂರನೇ ತರಗತಿಗೆ ವರ್ಷಗಟ್ಟಲೆ ಹೇಳಿಕೊಟ್ಟವಳು ನಾನು. ಎಲ್ಲರ ಕೈಯೂ ಒಟ್ಟಿಗೇ ಹೆಡೆಯಾಗಬೇಕು, ಒಟ್ಟಿಗೇ ಇಳಿಯಬೇಕು. ವಾರ್ಷಿಕೋತ್ಸವದಲ್ಲಿ ಚಪ್ಪಾಳೆಯೋ ಚಪ್ಪಾಳೆ! ತೊದಲುವ ಹುಡುಗಿಯೊಬ್ಬಳನ್ನು ಮಾತ್ರ, ‘ನೀನು ಬರೀ ಕೈ ಆಡಿಸು’ ಎಂದು ಹಿಂದಿನ ಸಾಲಿಗೆ ಹಾಕಿದ್ದೆ.

ಆಮೇಲೊಂದು ದಿನ ಊಟದ ಬಿಡುವಿನಲ್ಲಿ ಅವಳೊಬ್ಬಳೇ ಗೋಡೆಯ ಬಿರುಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹಾಡುತ್ತಿದ್ದಳು. ಎಲ್ಲೂ ತಡವರಿಸಲಿಲ್ಲ. ಹಾವನ್ನು ಕರೆಯುವಾಗ ಆಸೆ, ಕಳಿಸುವಾಗ ಅಂಜಿಕೆ, ಎರಡೂ ಆ ದನಿಯಲ್ಲಿದ್ದವು. ಸ್ವತಃ ಮೇಷ್ಟರಾಗಿದ್ದ ಪಂಜೆಯವರು ಪ್ರತಿ ನುಡಿಯ ಕೊನೆಗೆ ಒಂದೇ ಅಕ್ಷರವನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಮಿಕ್ಕ ಮಕ್ಕಳು ಅವಳಲ್ಲಿ ಅಣಕಿಸುತ್ತಿದ್ದುದೇ ಇಲ್ಲಿ ಹಾಡಾಗಿದೆ! ಅಭಿನಯವೆಲ್ಲ ಪದ್ಯದೊಳಗೇ ಇತ್ತು; ನಾನು ಕಲಿಸಿದ್ದು ಬರೀ ಕವಾಯತು.

ಆ ವರ್ಷದ ವಾರ್ಷಿಕೋತ್ಸವ ಅಷ್ಟರಲ್ಲಿ ಮುಗಿದುಹೋಗಿತ್ತು.