ಬಾರ್ತ್ ಹತ್ತದ ಘಾಟಿ

ರೋಲಾಂ ಬಾರ್ತ್ ಅನ್ನುವ ಫ್ರೆಂಚ್ ವಿಮರ್ಶಕನ ‘ಮಿಥಾಲಜೀಸ್’ 1957ರಲ್ಲಿ ಬಂದ ಪುಸ್ತಕ. ಕುಸ್ತಿ, ಸೋಪಿನ ಪುಡಿ, ಮಕ್ಕಳ ಆಟಿಕೆ, ಆಗಷ್ಟೇ ಬಂದ ಸಿತ್ರೋಯೆನ್ ಕಾರು, ಹೀಗೆ ಕಣ್ಣಿಗೆ ಬಿದ್ದದ್ದರ ಮೇಲೆಲ್ಲ ಬರೆದ ಪುಟ್ಟ ಪುಟ್ಟ ಅಂಕಣಗಳು. ಇವತ್ತಾಗಿದ್ದರೆ ಈ ಮನುಷ್ಯ ಖಂಡಿತ ಬ್ಲಾಗ್ ಬರೀತಿದ್ದ. ಅದರಲ್ಲಿ ಮೂರು ಬರಹಗಳ ಜೊತೆ ನನಗೆ ಜಗಳ ಇದೆ. ಒಂದು ತೂರ್ ದ ಫ್ರಾನ್ಸ್ ಸೈಕಲ್ ಪಂದ್ಯದ ಮೇಲಿನದು, ಇನ್ನೊಂದು ವೈನು ಮತ್ತು ಹಾಲಿನ ಮೇಲಿನದು, ಮತ್ತೊಂದು ‘ಗೀದ್ ಬ್ಲೂ’ ಅನ್ನುವ ಪ್ರವಾಸಿ ಕೈಪಿಡಿಯ ಮೇಲಿನದು.

ಇಂಗ್ಲಿಷಿನ ಮೂಲಕ ಓದುವ ನಮ್ಮಂಥವರಿಗೆ ಈ ಮೂರೂ ಬಹಳ ಕಾಲ ಒಟ್ಟಿಗೆ ಸಿಕ್ಕಿರಲಿಲ್ಲ. ಆನೆಟ್ ಲೇವರ್ಸ್ 1972ರಲ್ಲಿ ಮಾಡಿದ ಅನುವಾದದಲ್ಲಿ ಆಯ್ದ ಬರಹಗಳು ಮಾತ್ರ ಇದ್ದವು. ವೈನು ಇತ್ತು, ಕೈಪಿಡಿ ಇತ್ತು, ಸೈಕಲ್ ಇರಲಿಲ್ಲ. ಸೈಕಲ್ಲಿನದು 1979ರಲ್ಲಿ ಬೇರೊಂದು ಸಂಕಲನದಲ್ಲಿ ಬಂತು. ಎಲ್ಲ ಒಂದೇ ರಟ್ಟಿನೊಳಗೆ ಬಂದದ್ದು 2012ರಲ್ಲಿ. ಹಾಗೆ ಒಟ್ಟಿಗೆ ಓದಿದಾಗಲೇ ನನಗೆ ಹೊಳೆದದ್ದು: ಬೆಟ್ಟ, ಸೈಕಲ್, ದ್ರಾಕ್ಷಿ ಮೂರನ್ನೂ ಬಾರ್ತ್ ಬೇರೆ ಬೇರೆ ನೋಡಿದ್ದಾನೆ. ಮೂರೂ ಸೇರುವ ಜಾಗವನ್ನು ನೋಡಿಲ್ಲ. ಆ ಜಾಗ ಅಂದ್ರೆ ದ್ರಾಕ್ಷಿ ಸೀಮೆಯ ಗಿಡ್ಡ ಘಾಟಿ.

ಆಫೀಸಿನ ಪ್ರಾಜೆಕ್ಟಿಗೆ ಅಂತ ಲಿಯೋಂ ನಗರದಲ್ಲಿ ಎಂಟು ತಿಂಗಳಿದ್ದೆ. ಶನಿವಾರ ರೈಲಿಗೆ ಸೈಕಲ್ ಹತ್ತಿಸಿ ಬೆಲ್‌ವಿಲ್‌ನಲ್ಲಿ ಇಳಿದರೆ ಬೊಜೊಲೆ ಸೀಮೆ. ಪೂರ್ವಕ್ಕೆ ಸೋನ್ ನದಿಯ ಬಯಲು, ಪಶ್ಚಿಮಕ್ಕೆ ಗುಡ್ಡಸಾಲು, ನಡುವಿನ ಇಳುಕಲಲ್ಲಿ ದ್ರಾಕ್ಷಿ. ಅಲ್ಲಿನ ಘಾಟಿಗಳನ್ನು ಘಾಟಿ ಅಂತ ಕರೆಯೋಕೆ ನಮ್ಮ ಕಡೆಯವರಿಗೆ ನಗು ಬರಬಹುದು. ಕೋಲ್ ದ ತ್ರೂಜ್ 445 ಮೀಟರ್, ಕೋಲ್ ದ ದುರ್ಬೀಜ್ 550 ಮೀಟರ್. ನಮ್ಮ ಆಗುಂಬೆಯೇ ಇದಕ್ಕಿಂತ ಎತ್ತರದಲ್ಲಿದೆ. (ದುರ್ಬೀಜ್ ಅನ್ನೋದನ್ನ ಕನ್ನಡದಲ್ಲಿ ಬರೆದರೆ ಕೆಟ್ಟ ಬೀಜ ಅನ್ನಿಸುತ್ತೆ. ಅಷ್ಟು ಒಳ್ಳೆ ದ್ರಾಕ್ಷಿ ಬೆಳೆಯೋರಿಗೆ ಅದನ್ನ ಹೇಳುವ ಧೈರ್ಯ ನನಗೆ ಬರಲಿಲ್ಲ.) ಹತ್ತುವಾಗ ಎರಡೂ ಕಡೆ ತೋಟ, ಮೇಲೆ ಹೋಗ್ತಾ ತೋಟ ಮುಗಿದು ಕಾಡು, ಡಗ್ಲಸ್ ಫರ್ ನೆಡುತೋಪು, ಆಚೆ ಹುಲ್ಲುಗಾವಲು. ಚಳಿಗಾಲದಲ್ಲಿ ಸೈಕಲ್ ಬಿಟ್ಟು ಸಾಲುಗಳ ನಡುವಿನ ಕಾಲುದಾರಿ ಹಿಡಿದು ನಡೆದೇ ದಾಟಿದ್ದೂ ಉಂಟು.

ಮೊದಲು ಬಾರ್ತ್ ಸರಿಯಾಗಿ ಹೇಳಿದ್ದನ್ನು ಒಪ್ಪಿಕೊಳ್ಳೋಣ. ಕೈಪಿಡಿಯ ಮೇಲಿನ ಬರಹ ಇವತ್ತಿಗೂ ಚುರುಕಾಗಿದೆ. ನೆಲ ಎಲ್ಲಿ ಏರುಪೇರಾಗಿದೆಯೋ ಅಲ್ಲಿ ಮಾತ್ರ ಕೈಪಿಡಿಗೆ ಸೌಂದರ್ಯ ಕಾಣುತ್ತೆ, ಕಮರಿ ಬೇಕು, ಶಿಖರ ಬೇಕು, ಸುರಂಗ ಬೇಕು ಅಂತಾನೆ. ಬಯಲಿಗೆ ಒಂದೇ ಒಂದು ವಿನಾಯಿತಿ, ಅದು ಫಲವತ್ತಾಗಿದೆ ಅನ್ನಬಹುದಾದರೆ ಮಾತ್ರ. ಬೆಟ್ಟ ಹತ್ತಿದರೆ ಮನುಷ್ಯ ಒಳ್ಳೆಯವನಾಗ್ತಾನೆ ಅನ್ನುವ ನಂಬಿಕೆ ಇದರ ಹಿಂದಿದೆ ಅನ್ನೋದು ಅವನ ಗುಮಾನಿ. ಇನ್ನು ಜನ? ಅವರು ಕೈಪಿಡಿಯಲ್ಲಿ ‘ಮಾದರಿ’ಗಳಾಗಿ ಮಾತ್ರ ಬರ್ತಾರೆ: ಈ ಪ್ರಾಂತದವನು ಸಾಹಸಿ, ಆ ಪ್ರಾಂತದವನು ಚತುರ ವ್ಯಾಪಾರಿ. ಉಳಿದ ಜಾಗವೆಲ್ಲ ಚರ್ಚುಗಳಿಗೆ.

ಇದನ್ನೆಲ್ಲ ಹೇಳಿದ ಮನುಷ್ಯ ತೂರ್ ಪಂದ್ಯದ ಹತ್ತಿರ ಬಂದಾಗ ತಾನೂ ಎತ್ತರದ ಬೆಟ್ಟಕ್ಕೇ ಸೋಲ್ತಾನೆ. ಅವನು ಬರೆದದ್ದು 1955ರ ಪಂದ್ಯದ ಬಗ್ಗೆ, ಲೂಯಿಸೋಂ ಬೊಬೆ ಸತತ ಮೂರನೇ ಸಲ ಗೆದ್ದದ್ದು. ಬರಹದ ಎದೆಯಲ್ಲಿರೋದು ಮೋಂ ವೆಂತು, 1900 ಮೀಟರ್ ದಾಟಿದ ಬೋಳು ಬೆಟ್ಟ. ಅದನ್ನವನು ಬಲಿ ಕೇಳುವ ದುಷ್ಟ ದೇವತೆ ಅಂತ ವರ್ಣಿಸ್ತಾನೆ. ಓದೋಕೆ ಚಂದ, ಸುಳ್ಳೂ ಅಲ್ಲ. ಆ ವರ್ಷ ಅದರ ಏರಿನಲ್ಲಿ ಸವಾರನೊಬ್ಬ ನಿಜಕ್ಕೂ ಪ್ರಜ್ಞೆತಪ್ಪಿ ಬಿದ್ದಿದ್ದ. ಪಂದ್ಯದ ಭೂಗೋಳ ಮಹಾಕಾವ್ಯದ ಭೂಗೋಳ ಅನ್ನುವ ಮಾತು ಬಾರ್ತ್‌ನದು, ಪತ್ರಿಕೆಗಳು ಹಾಗೆ ಕಟ್ಟುತ್ತವೆ ಅನ್ನೋದನ್ನ ತೋರಿಸೋಕೇ ಅವನು ಬರೆದದ್ದು. ಆದ್ರೆ ಕಟ್ಟೋದನ್ನ ತೋರಿಸ್ತಾ ತೋರಿಸ್ತಾ ತಾನೂ ಕಟ್ಟಿಬಿಟ್ಟಿದ್ದಾನೆ. ಅದೇ ವೆಂತುವಿನ ಬುಡದಲ್ಲಿ ದ್ರಾಕ್ಷಿ ತೋಟಗಳಿವೆ. ದುಷ್ಟ ದೇವತೆಯ ಕಾಲಬುಡದಲ್ಲಿ ಯಾರೋ ಕಳೆ ಕೀಳ್ತಿದ್ದಾರೆ ಅನ್ನೋದು ಮಹಾಕಾವ್ಯದ ಸಾಲಿಗೆ ಹೊಂದೋದಿಲ್ಲ.

ಗಿಡ್ಡ ಘಾಟಿಗೆ ಈ ಕಷ್ಟ ಇಲ್ಲ. ಅಲ್ಲಿ ಮಹಾಕಾವ್ಯ ಕಟ್ಟೋಕೇ ಆಗೋದಿಲ್ಲ, ಪಂದ್ಯದವರು ಪ್ರಯತ್ನಪಟ್ಟರೂ. ಬೊಜೊಲೆಯ ಮೋಂ ಬ್ರೂಯಿ 484 ಮೀಟರಿನ ಗುಡ್ಡ. ಮಾರ್ಚ್ ತಿಂಗಳಲ್ಲಿ ನಡೆಯುವ ಪ್ಯಾರಿಸ್–ನೀಸ್ ಪಂದ್ಯದ ಒಂದು ಹಂತ 2016ರಲ್ಲಿ ಅದರ ತುದಿಗೆ ಮುಗಿಯಬೇಕಿತ್ತು, ಹಿಮ ಬಿದ್ದು ರದ್ದಾಯ್ತು. ಮರುವರ್ಷ ಅಲ್ಲಿಗೇ ಒಬ್ಬೊಬ್ಬರೇ ಓಡಿಸುವ ಹಂತ ಇಟ್ಟರು, ಜೂಲಿಯಾಂ ಅಲಾಫಿಲಿಪ್ ಗೆದ್ದ. ತುದಿಯಲ್ಲಿ ದ್ರಾಕ್ಷಿಯ ಮಾತೆಯ ಹೆಸರಲ್ಲಿ ಒಂದು ಪುಟ್ಟ ಚಾಪೆಲ್ ಇದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ತೋಟಗಳಿಗೆ ಬೂದಿರೋಗ ಬಂದಾಗ ಕಾಪಾಡಮ್ಮ ಅಂತ ಕಟ್ಟಿಸಿದ್ದು. ಟೀವಿ ಕ್ಯಾಮೆರಾಕ್ಕೆ ಅದು ಚಂದದ ಚಿತ್ರ. ಬೆಳೆ ಹೋದೀತು ಅನ್ನುವ ಹೆದರಿಕೆಗೆ ಕಟ್ಟಿದ ಗುಡಿ ಅದು ಅಂತ ಗೊತ್ತಾಗೋಕೆ ಅಡಿಕೆಗೆ ಕೊಳೆರೋಗ ಬಂದ ಮನೆಯಲ್ಲಿ ಹುಟ್ಟಿರಬೇಕು ಅಂತೇನಿಲ್ಲ. ಆದರೆ ಹುಟ್ಟಿದ್ದರೆ ಬೇಗ ಗೊತ್ತಾಗುತ್ತೆ.

ಕೊಳೆ ಅಂದಮೇಲೆ ಇನ್ನೊಂದು ಹೇಳಲೇಬೇಕು. ಬೊಜೊಲೆಯ ದಾರಿಬದಿಯ ಹಳೇ ಗೋಡೆಗಳ ಮೇಲೆ ಅಲ್ಲಲ್ಲಿ ತಿಳಿನೀಲಿ ಕಲೆ ನೋಡಿದೆ. ಮಲೆನಾಡಿನವರು ಯಾರನ್ನೂ ಕೇಳಬೇಕಿಲ್ಲ, ಅದು ಮೈಲುತುತ್ತ. ನಮ್ಮಲ್ಲಿ ಮಳೆಗಾಲಕ್ಕೆ ಸುಣ್ಣ ಸೇರಿಸಿ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ಹೆಸರಲ್ಲೇ ಫ್ರಾನ್ಸಿನ ಬೋರ್ಡೋ ಊರಿದೆ. ಅಲ್ಲಿನ ಮೆದೋಕ್ ಸೀಮೆಯ ರೈತರು ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಅಂತ ರಸ್ತೆ ಪಕ್ಕದ ಸಾಲುಗಳಿಗೆ ಮಾತ್ರ ಈ ನೀಲಿ ಬಳೀತಿದ್ದರು. ಆ ಸಾಲುಗಳಿಗೆ ಮಾತ್ರ ರೋಗ ಬಂದಿಲ್ಲ ಅನ್ನೋದನ್ನ ಮಿಯಾರ್ದೆ ಅನ್ನುವ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಔಷಧಿಯ ವಿವರ ಪ್ರಕಟಿಸಿದ. ಮುಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆಗೆ ತಂದರು. ಅಂದ್ರೆ ನಮ್ಮ ತೋಟದ ಔಷಧಿ ಹುಟ್ಟಿದ್ದೇ ದಾರಿಯಲ್ಲಿ ಹೋಗುವವನಿಗೂ ತೋಟದವನಿಗೂ ಇದ್ದ ಅಪನಂಬಿಕೆಯಿಂದ. ಸೈಕಲ್ ಮೇಲೆ ಹೋಗುವ ನಾನು ಆ ಕಥೆಯಲ್ಲಿ ಯಾವ ಕಡೆಯವನು ಅನ್ನೋದು ಸ್ಪಷ್ಟವಾಗೇ ಇತ್ತು.

ಈಗ ವೈನಿನ ಬರಹ. ವೈನು ಫ್ರೆಂಚರ ಕುಲಲಾಂಛನ, ಕುಡಿಯೋಕೆ ಬರೋದು ಅಲ್ಲಿನವನಾಗುವುದರ ಲಕ್ಷಣ, ಆಗಿನ ಪ್ರಧಾನಿ ಮೆಂದೆಸ್ ಫ್ರಾನ್ಸ್ ಬಹಿರಂಗವಾಗಿ ಹಾಲು ಕುಡಿದದ್ದು ಯಾಕೆ ಅಷ್ಟು ಸುದ್ದಿಯಾಯ್ತು, ಇದೆಲ್ಲ ಸೊಗಸಾಗಿದೆ. ಆದರೆ ಇಡೀ ಬರಹದಲ್ಲಿ ವೈನು ಲೋಟದಿಂದ ಶುರುವಾಗುತ್ತೆ. ಅದಕ್ಕೆ ಹಿಂದೆ ಏನಾಯ್ತು ಅನ್ನೋದಿಲ್ಲ. ಬೊಜೊಲೆಯ ಗಾಮೆ ಬಳ್ಳಿಗೆ ಹಿಂದಿನಿಂದ ಬಂದ ಪದ್ಧತಿಯಲ್ಲಿ ಚಪ್ಪರವೂ ಇಲ್ಲ ತಂತಿಯೂ ಇಲ್ಲ. ಬಟ್ಟಲಿನ ಹಾಗೆ ಕವಲೊಡೆದ ಗಿಡ್ಡ ಗಿಡ, ಮೊಣಕಾಲೆತ್ತರ, ಒಂದು ಹೆಕ್ಟೇರಿಗೆ ಹತ್ತು ಸಾವಿರದಷ್ಟು. ಚಳಿಗಾಲ ಪೂರ್ತಿ ಒಂದೊಂದರ ಮುಂದೂ ಬಗ್ಗಿ ಕಡ್ಡಿ ಸವರಬೇಕು. ಈಗ ಬ್ಯಾಟರಿ ಕತ್ತರಿ ಬಂದಿದೆ, ಬೆಟ್ಟು ನೋಯೋದು ಕಡಿಮೆ ಆಗಿರಬಹುದು. ಬೆನ್ನು ಬಗ್ಗಿಸೋದು ತಪ್ಪಿಲ್ಲ.

ದುರ್ಬೀಜ್ ಹತ್ತುವಾಗ ನನ್ನ ವೇಗ ಗಂಟೆಗೆ ಎಂಟು ಕಿಲೋಮೀಟರ್ ಇರಬಹುದು, ಫೆಬ್ರವರಿಯಲ್ಲಿ ನಡೆದು ಹೋದಾಗ ಅದರ ಅರ್ಧ. ಆ ವೇಗದಲ್ಲಿ ಒಬ್ಬ ಮನುಷ್ಯ ಒಂದು ಗಿಡದಿಂದ ಇನ್ನೊಂದಕ್ಕೆ ಸರಿಯೋದು ಕಾಣುತ್ತೆ. ಒಬ್ಬರು ತಲೆ ಎತ್ತಿ ‘ಬೋಂಜೂರ್’ ಅಂದರು, ನಾನೂ ಅಂದೆ, ಅವರು ಮತ್ತೆ ಬಗ್ಗಿದರು. ಇಷ್ಟೇ. ಇದರಲ್ಲಿ ಮಹಾಕಾವ್ಯವೂ ಇಲ್ಲ, ಕೈಪಿಡಿಯ ‘ನಗುಮೊಗದ ದ್ರಾಕ್ಷಿ ರೈತ’ನೂ ಇಲ್ಲ. ನಮ್ಮೂರ ಕೊನೆಗೌಡ ಮರದ ಮೇಲಿಂದ ದಾರಿಯಲ್ಲಿ ಹೋಗುವವರನ್ನು ನೋಡುವ ರೀತಿ ಇದೇ: ಮಾತಾಡಿಸ್ತಾನೆ, ಕೆಲಸ ಬಿಡೋದಿಲ್ಲ.

ಬಾರ್ತ್‌ನ ಕಾಲದ ಕೈಪಿಡಿ ಈಗ ಯಾರಿಗೂ ಬೇಡ. ಅದರ ಜಾಗಕ್ಕೆ ಬಂದ ಸೈಕಲ್ ಬರಹಗಳು ಏನು ಮಾಡ್ತಿವೆ? ನಾನು ಓದಿದವುಗಳಲ್ಲಿ ಹೆಚ್ಚಿನವು ಶೇಕಡಾ ಎಷ್ಟು ಏರು, ಎಷ್ಟು ಕಿಲೋಮೀಟರ್, ಕೊನೆಗೆ ಎಲ್ಲಿ ವೈನು ರುಚಿ ನೋಡಬಹುದು ಅಂತ ಹೇಳ್ತವೆ. ಡೇಟಾದ ಜೊತೆಯೇ ದಿನ ಕಳೆಯುವ ನನಗೆ ಅಂಕಿಯ ಮೇಲೆ ಸಿಟ್ಟಿಲ್ಲ. ಏರು ಶೇಕಡಾ ಒಂಬತ್ತು ಅಂತ ಮೊದಲೇ ಗೊತ್ತಾದರೆ ಗೇರು ಇಳಿಸ್ಕೋಬಹುದು. ನನ್ನ ತಕರಾರು ಎಲ್ಲಿ ಅಂದ್ರೆ, ಅದೇ ಶೇಕಡಾ ಒಂಬತ್ತರಿಂದಾಗಿ ಅಲ್ಲಿ ಕೊಯ್ಲಿನ ಯಂತ್ರ ಹೋಗೋಕಾಗದೆ ಕೈಯಲ್ಲೇ ಕೊಯ್ಯಬೇಕಾಗಬಹುದು ಅನ್ನೋದು ಯಾರಿಗೂ ಹೊಳೆಯೋದಿಲ್ಲ. ಸವಾರನ ಏರು, ಕೂಲಿಯವನ ಏರು ಎರಡೂ ಒಂದೇ ಏರು. 2023ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಸುಡುಬಿಸಿಲಿನ ಕೊಯ್ಲಿನಲ್ಲಿ ಹಲವು ಕೂಲಿಗಳು ಸತ್ತರು. ಅದು ಸುದ್ದಿ ಪತ್ರಿಕೆಗಳಲ್ಲಿ ಬಂತು. ಪ್ರವಾಸದ ಬರಹಕ್ಕೆ ಬರಲಿಲ್ಲ.

ಈ ಮಟ್ಟಿಗೆ ಫ್ರೆಂಚರದೇ ಒಂದು ಹಳೇ ಕ್ಲಬ್ಬು ನನಗೆ ಇಷ್ಟ. 1972ರಲ್ಲಿ ಶುರುವಾದ ‘ನೂರು ಘಾಟಿಗಳ ಕ್ಲಬ್’ ಸೇರಬೇಕಾದರೆ ನೂರು ಬೇರೆ ಬೇರೆ ಘಾಟಿ ಸೈಕಲ್ಲಲ್ಲಿ ದಾಟಿರಬೇಕು, ಅದರಲ್ಲಿ ಐದು 2000 ಮೀಟರ್ ಮೇಲಿನವು. ಆ ಐದನ್ನು ಬಿಟ್ಟರೆ ಉಳಿದದ್ದರಲ್ಲಿ ಗಿಡ್ಡದು ಉದ್ದದ್ದು ಅನ್ನುವ ಭೇದ ಇಲ್ಲ. 2642 ಮೀಟರಿನ ಗಾಲಿಬಿಯೆಗೂ ಒಂದು, ನಮ್ಮ ದುರ್ಬೀಜ್‌ಗೂ ಒಂದು. ವೇಗ ಕೇಳೋದಿಲ್ಲ. ಪಟ್ಟಿ ಮಾಡೋದು ನನಗಷ್ಟು ಹಿಡಿಸದಿದ್ದರೂ ಈ ಲೆಕ್ಕ ಹಿಡಿಸಿತು.

ಬಾರ್ತ್‌ಗೆ ಅನ್ಯಾಯ ಮಾಡಬಾರದು. ವೈನಿನ ಬರಹದ ಕೊನೆಯಲ್ಲಿ ಅವನು ಇದ್ದಕ್ಕಿದ್ದಂತೆ ಅಲ್ಜೀರಿಯಕ್ಕೆ ಹೋಗ್ತಾನೆ. ಅಲ್ಲಿ ವಸಾಹತಿನ ಯಜಮಾನರು ಮುಸ್ಲಿಮರ ನೆಲ ಕಸಿದು, ಅದೇ ನೆಲದಲ್ಲಿ, ಅವರಿಗೆ ಬ್ರೆಡ್ಡಿಗೇ ಗತಿಯಿಲ್ಲದಾಗ, ಅವರು ಮುಟ್ಟದ ಬೆಳೆಯನ್ನು ಅವರ ಕೈಯಲ್ಲೇ ಬೆಳೆಸ್ತಾರೆ ಅಂತಾನೆ. ವೈನಿನಂಥ ಒಳ್ಳೆ ಪದಾರ್ಥವೂ ನಿರಪರಾಧಿ ಅಲ್ಲ ಅನ್ನೋದು ಅವನ ಮಾತಿನ ಸಾರ. ಮೂರೂ ಬರಹಗಳಲ್ಲಿ ಬೆಳೆಯುವವನ ಕೈ ಕಾಣುವುದು ಇಲ್ಲೊಂದೇ ಕಡೆ. ಪುಸ್ತಕದ ಅತಿ ಧೈರ್ಯದ ಸಾಲುಗಳಲ್ಲಿ ಇವೂ ಸೇರುತ್ತವೆ, ಅಲ್ಜೀರಿಯದಲ್ಲಿ ಯುದ್ಧ ನಡೀತಿದ್ದ ಕಾಲದಲ್ಲಿ ಬಂದ ಪುಸ್ತಕ ಅದು.

ಆದರೆ ಕೈ ಕಾಣೋಕೆ ಸಮುದ್ರ ದಾಟಬೇಕಾಯ್ತಲ್ಲ ಅನ್ನೋದೇ ನನ್ನ ಜಗಳ. ಬೊಜೊಲೆಯಲ್ಲಿ ‘ವಿನ್ಯೆರೊನಾಜ್’ ಅನ್ನುವ ಪದ್ಧತಿ ತಲೆಮಾರುಗಳಿಂದ ಇತ್ತು. ತೋಟ ಒಡೆಯನದು, ದುಡಿಮೆ ಒಕ್ಕಲಿನದು, ಬಂದ ಬೆಳೆ ಅರ್ಧರ್ಧ. 1974ಕ್ಕೆ ಮುಂಚಿನ ಗೇಣಿಯ ಕಥೆ ಕೇಳಿ ಬೆಳೆದ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳುವುದು ಬೇಡ. ಬಾರ್ತ್ ಪ್ಯಾರಿಸ್ಸಿನಲ್ಲಿ ಕೂತು ವೈನಿನ ಬಗ್ಗೆ ಬರೆಯುತ್ತಿದ್ದಾಗಲೂ ಅಲ್ಲಿ ಹಾಗೆ ಪಾಲಾಗುವ ತೋಟಗಳಿದ್ದವು. ಪ್ಯಾರಿಸ್ಸಿನಿಂದ ಆಗಲೂ ರೈಲಿತ್ತು.