ಕೊನೆಯ ಕಂತಿಗೆ ಕಿವಿಗೊಡುವವರಿಗೆ

ವೈಜ್ಞಾನಿಕ ಧಾರಾವಾಹಿಯೊಂದು ಮುಗಿದ ಮರುದಿನ ನೋಡುಗರು ಪರಸ್ಪರ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಎಲ್ಲ ಗಂಟುಗಳೂ ಬಿಚ್ಚಿಕೊಂಡವೇ? ಬಿಚ್ಚಿಕೊಂಡರೆ ಹತ್ತಕ್ಕೆ ಒಂಬತ್ತು, ಇಲ್ಲದಿದ್ದರೆ ಮೂರು. ಶೀರ್ಷಿಕೆ ಸಂಗೀತವನ್ನು ಗುಂಡಿ ಒತ್ತಿ ಹಾರಿಸಿದವರು, ಮಾತಿಲ್ಲದ ದೃಶ್ಯಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದವರು, ಹಿಂದಿನ ಸೀಸನ್‌ಗಳನ್ನು ಹತ್ತು ನಿಮಿಷದ ಸಾರಾಂಶದಲ್ಲಿ ಮುಗಿಸಿದವರು, ಎಲ್ಲರೂ ಈ ತೀರ್ಪುಗಾರರ ಸಾಲಿನಲ್ಲಿದ್ದಾರೆ. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದ ಕೊನೆಯ ಕಂತು ‘ಡೇಬ್ರೇಕ್’ 2009ರ ಮಾರ್ಚ್ 20ರಂದು ಅಮೆರಿಕದ ಸೈ-ಫೈ ಚಾನೆಲ್‌ನಲ್ಲಿ ಪ್ರಸಾರವಾಯಿತು. ಅಂದಿನಿಂದ ಇಂದಿನವರೆಗೂ ಅದು ಈ ಅಂಕ ಹಾಕುವವರ ಕೈಯಲ್ಲಿ ನಲುಗುತ್ತಲೇ ಇದೆ.

ಆ ಕಂತಿನ ಮೇಲೆ ಈ ಲೇಖಕನಿಗೂ ಸಿಟ್ಟಿದೆ. ಸಿಟ್ಟಿನ ಕಾರಣಗಳನ್ನು ಮುಂದೆ ಹೇಳಲಾಗುವುದು. ಆದರೆ ಅಲ್ಲಿ ಏನು ನಡೆಯುತ್ತಿದೆ ಎಂದು ಕಿವಿಗೊಟ್ಟು ಕೇಳದವರಿಗೆ ಆ ಸಿಟ್ಟಿನ ಹಕ್ಕೂ ಇಲ್ಲ. ಸೈಲಾನ್‌ಗಳು ಯಾರು, ಹನ್ನೆರಡು ವಸಾಹತುಗಳು ಹೇಗೆ ಸುಟ್ಟುಹೋದವು ಎಂಬ ಮೊದಲ ಪಾಠ ಇಲ್ಲಿ ಬೇಡ. 2003ರ ಕಿರುಸರಣಿ ನೋಡಿದರೆ ಅದು ತಾನಾಗಿ ತಿಳಿಯುತ್ತದೆ. ಕೊನೆ ಏನಾಯಿತೆಂದು ಮೊದಲೇ ಗೊತ್ತಾಗುವುದಕ್ಕೆ ಹೆದರುವವರು ಸದ್ಯಕ್ಕೆ ಈ ಪುಟ ಮಡಚಿಟ್ಟು, ಸರಣಿ ನೋಡಿ ಮುಗಿಸಿ ಬರಲಿ.

ಗ್ಯಾಲಕ್ಟಿಕಾದ ಕಥೆ ಅರ್ಧ ಇರುವುದು ಅದರ ಸಂಗೀತದಲ್ಲಿ. 1977ರಲ್ಲಿ ‘ಸ್ಟಾರ್ ವಾರ್ಸ್’ ಬಂದ ಮೇಲೆ ಅಂತರಿಕ್ಷವೆಂದರೆ ಕಹಳೆಗಳ ಮೊರೆತ ಎಂಬುದು ನಿಯಮವೇ ಆಗಿಹೋಯಿತು. 1978ರಲ್ಲಿ ಗ್ಲೆನ್ ಲಾರ್ಸನ್ ಮೂಲ ಗ್ಯಾಲಕ್ಟಿಕಾವನ್ನು ತಂದಾಗ ಸ್ಟೂ ಫಿಲಿಪ್ಸ್ ಅದಕ್ಕೆ ಕಟ್ಟಿದ್ದೂ ಹಾಗೇ ಮೆರೆಯುವ, ತುಂಬು ವಾದ್ಯಮೇಳದ ಧಾಟಿಯನ್ನೇ. 2003ರಲ್ಲಿ ಕಥೆಯನ್ನು ಹೊಸದಾಗಿ ಕಟ್ಟಿದ ರೊನಾಲ್ಡ್ ಡಿ. ಮೂರ್ ಮತ್ತು ಸಂಗಡಿಗರು ಆ ಮೆರವಣಿಗೆಯನ್ನು ಬಾಗಿಲಲ್ಲೇ ತಡೆದರು. ಕಿರುಸರಣಿಗೆ ರಿಚರ್ಡ್ ಗಿಬ್ಸ್, ಅವರ ನಂತರ ವಾರದ ಸರಣಿಗೆ ಇಪ್ಪತ್ತರ ಹರೆಯದ ಬೇರ್ ಮಕ್ರೀರಿ ಬಂದರು. ಕಹಳೆಯ ಜಾಗದಲ್ಲಿ ಜಪಾನಿನ ಟೈಕೊ ಡೋಲುಗಳು ಕುಳಿತವು. ಅರ್ಮೇನಿಯಾದ ದುದುಕ್ ಬಂತು, ಚೀನಾದ ಎರಡು ತಂತಿಯ ಅರ್ಹು ಬಂತು. ಬಾಹ್ಯಾಕಾಶದ ಯುದ್ಧಗಳನ್ನು ಇಷ್ಟು ಒಣ ಚರ್ಮದ ಸದ್ದಿನಲ್ಲಿ ಅಲ್ಲಿಯವರೆಗೆ ಯಾರೂ ಕೇಳಿಸಿರಲಿಲ್ಲ.

ಶೀರ್ಷಿಕೆ ಸಂಗೀತಕ್ಕೆ ಬರೋಣ. ಕನ್ನಡದ ಹೊಸ ನೋಡುಗರು ಬೆಚ್ಚಿಬೀಳುವುದು ಇಲ್ಲೇ. ಪರದೆಯ ಮೇಲೆ ನಾಶವಾದ ಲೋಕ, ಓಡುತ್ತಿರುವ ಹಡಗುಗಳು. ಕಿವಿಗೆ ಬೀಳುವುದು ಗಾಯತ್ರಿ ಮಂತ್ರ. ಹೆಣ್ಣು ದನಿಯಲ್ಲಿ, ಅಪರಿಚಿತ ರಾಗದಲ್ಲಿ, ತೀರ ನಿಧಾನವಾಗಿ. ‘ನಮ್ಮ ಮಂತ್ರ ಅಮೆರಿಕದ ಟಿವಿಯಲ್ಲಿ’ ಎಂದು ಎದೆಯುಬ್ಬಿಸಿ ಅಲ್ಲಿಗೇ ನಿಲ್ಲುವವರು ಬಹಳ. ಹೆಮ್ಮೆ ಪಡಲಿ, ಆದರೆ ಮುಂದಕ್ಕೂ ಕೇಳಲಿ. ಅದು ಸವಿತೃವಿಗೆ, ಎಂದರೆ ಸೂರ್ಯನಿಗೆ ಸಲ್ಲುವ ಪ್ರಾರ್ಥನೆ. ಬುದ್ಧಿಯನ್ನು ಬೆಳಗಿಸು ಎಂದು ಬೇಡುವ ಮಾತು. ಆ ಪ್ರಾರ್ಥನೆಯೊಂದಿಗೆ ತೆರೆದುಕೊಳ್ಳುತ್ತಿದ್ದ ಸರಣಿಯ ಕೊನೆಯ ಕಂತಿನ ಹೆಸರು ‘ಡೇಬ್ರೇಕ್’, ಎಂದರೆ ‘ಬೆಳಗಿನ ಜಾವ’. ಅದರಲ್ಲಿ ಇಡೀ ನೌಕಾಪಡೆ ಸೂರ್ಯನೊಳಕ್ಕೆ ನಡೆದುಹೋಗುತ್ತದೆ. ಶೀರ್ಷಿಕೆಯನ್ನು ಹಾರಿಸುತ್ತ ಬಂದವರಿಗೆ ಆ ದೃಶ್ಯದಲ್ಲಿ ಕಾಣುವುದು ಕೆಲವು ಕಂಪ್ಯೂಟರ್ ಹಡಗುಗಳು ಮಾತ್ರ.

ನೌಕಾಪಡೆ ಸೂರ್ಯನತ್ತ ತಿರುಗಿದ ಆ ಗಳಿಗೆಯಲ್ಲಿ ಸಂಗೀತ ಏನು ಮಾಡುತ್ತದೆ ಎಂಬುದನ್ನು ಹೊಸಬರು ಮೂರು ಸಲವಾದರೂ ಕೇಳಬೇಕು. ಸ್ಯಾಮ್ ಆಂಡರ್ಸ್ ಒಬ್ಬನೇ ಹಡಗುಗಳನ್ನು ನಡೆಸುತ್ತಿದ್ದಾನೆ. ಅಷ್ಟು ವರ್ಷ ಬಾಗಿಲ ಹೊರಗೆ ನಿಂತಿದ್ದ ಸ್ಟೂ ಫಿಲಿಪ್ಸರ 1978ರ ಧಾಟಿ ಆಗ ಮೆಲ್ಲಗೆ ಒಳಗೆ ಬರುತ್ತದೆ. ಎರಡನೆಯ ಸೀಸನ್ನಿನ ‘ಫೈನಲ್ ಕಟ್’ ಕಂತಿನಲ್ಲಿ ಅದನ್ನು ವಸಾಹತುಗಳ ರಾಷ್ಟ್ರಗೀತೆಯಂತೆ ಒಮ್ಮೆ ಕೇಳಿಸಿದ್ದುಂಟು. ಮಕ್ರೀರಿ ಅದನ್ನು ಪೂರ್ತಿ ಮರ್ಯಾದೆಯೊಂದಿಗೆ ಕರೆತಂದದ್ದು ಹಡಗಿನ ಅಂತ್ಯಕ್ರಿಯೆಗೆ. ಬದುಕಿದ್ದಾಗ ಗ್ಯಾಲಕ್ಟಿಕಾಕ್ಕೆ ನಿರಾಕರಿಸಿದ ವೈಭವವನ್ನು ಅದರ ಸಾವಿಗೆ ತೊಡಿಸಿದ ಈ ನಿರ್ಧಾರ ಇಡೀ ಕಂತಿನ ಅತಿ ದೊಡ್ಡ ಸಾಧನೆ. ಇದಕ್ಕೆ ಯಾವ ತೀರ್ಪುಗಾರನೂ ಅಂಕ ಕೊಟ್ಟದ್ದಿಲ್ಲ.

ಈ ಲೇಖಕನ ಕಿವಿ ತೆರೆದದ್ದು 2007ರ ಮಾರ್ಚ್‌ನಲ್ಲಿ ಬಂದ ಮೂರನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ, ‘ಕ್ರಾಸ್‌ರೋಡ್ಸ್’ನ ಎರಡನೆಯ ಭಾಗದಲ್ಲಿ. ಬಾಲ್ಟರ್‌ನ ವಿಚಾರಣೆ ನಡೆಯುತ್ತಿದೆ. ನೋಡುಗರೆಲ್ಲ ನ್ಯಾಯಾಲಯವನ್ನೇ ನೋಡುತ್ತಿದ್ದಾರೆ. ಇತ್ತ ಕರ್ನಲ್ ಟೈಗೆ ಹಡಗಿನ ಲೋಹದೊಳಗಿಂದ ಒಂದು ಹಾಡಿನ ಚೂರು ಕೇಳಿಸುತ್ತದೆ. ಟಿರೋಲ್‌ಗೂ ಕೇಳಿಸುತ್ತದೆ, ಆಂಡರ್ಸ್‌ಗೂ, ಟೋರಿಗೂ. ಒಬ್ಬರಿಗೆ ಕೇಳಿಸಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನಾಲ್ವರೂ ಹಾಡಿನ ಜಾಡು ಹಿಡಿದು ಒಂದೇ ಕೋಣೆಗೆ ಬಂದು ಮುಖಾಮುಖಿ ನಿಂತಾಗ ತಾವು ಯಾರೆಂದು ಅವರಿಗೆ ಅರಿವಾಗುತ್ತದೆ. ಆ ಮೇಲೆ ಬಾಬ್ ಡಿಲನ್‌ನ ‘ಆಲ್ ಅಲಾಂಗ್ ದ ವಾಚ್‌ಟವರ್’ ಎಲೆಕ್ಟ್ರಿಕ್ ಸಿತಾರಿನೊಂದಿಗೆ ಸಿಡಿದೇಳುತ್ತದೆ. ನಡುರಾತ್ರಿ ಹೆಡ್‌ಫೋನ್ ಹಾಕಿಕೊಂಡು ನೋಡುತ್ತಿದ್ದ ಲೇಖಕ ಎದ್ದು ನಿಂತುಬಿಟ್ಟಿದ್ದ. ಹಿಂದಕ್ಕೆ ಹೋಗಿ ಕೇಳಿದಾಗ, ಆ ಹಾಡಿನ ಸ್ವರಗಳು ಬಹಳ ಮೊದಲೇ ದೃಶ್ಯಗಳ ಅಡಿಯಲ್ಲಿ ಹರಿಯಲು ಶುರುವಾಗಿದ್ದವು. ಅಲ್ಲಿ ಗುಟ್ಟು ಹೊರಬಿದ್ದದ್ದು ಮಾತಿನಿಂದಲ್ಲ, ಹಾಡಿನಿಂದ.

ಇದಕ್ಕೂ ಮುಂಚಿನ ಹೆಸರಾಂತ ಸೀಸನ್ ಕೊನೆಗಳನ್ನು ಲೇಖಕ ಕಾಣದವನಲ್ಲ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್’ನ ‘ದ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’ 1990ರ ಜೂನ್‌ನಲ್ಲಿ ರೈಕರ್‌ನ ಒಂದು ಆಜ್ಞೆಯ ಮೇಲೆ ಕತ್ತರಿಸಿ ನಿಂತಿತು, ಮುಂದೇನೆಂದು ತಿಳಿಯಲು ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಆ ಕೊನೆಯ ನಿಮಿಷಗಳ ಬಿಗಿ ಇರುವುದು ರಾನ್ ಜೋನ್ಸ್‌ರ ಸಂಗೀತದಲ್ಲಿ. ಆಮೇಲೆ ಬಂದ ನೂರಾರು ಧಾರಾವಾಹಿಗಳು ಅಲ್ಲಿಂದ ಎತ್ತಿಕೊಂಡದ್ದು ಆಘಾತವನ್ನು ಮಾತ್ರ. ಸೀಸನ್ ಕೊನೆ ಎಂದರೆ ಯಾರಾದರೂ ಬಂದೂಕು ಎತ್ತಬೇಕು, ಪರದೆ ಕಪ್ಪಾಗಬೇಕು ಎಂಬ ಅಗ್ಗದ ರುಚಿ ಹಬ್ಬಿದ್ದು ಹೀಗೆ. ಅದೇ ಸರಣಿಯ ವಿದಾಯದ ಕಂತು ‘ಆಲ್ ಗುಡ್ ಥಿಂಗ್ಸ್’ 1994ರಲ್ಲಿ ಬಂತು. ಬ್ರಾನನ್ ಬ್ರಾಗಾ ಜೊತೆ ಅದನ್ನು ಬರೆದವರು ಇದೇ ಮೂರ್. ಅದು ಮುಗಿಯುವುದು ಒಂದು ಇಸ್ಪೀಟಿನ ಆಟದಲ್ಲಿ, ಶಾಂತವಾಗಿ. ಹೇಗೆ ಮುಗಿಸಬೇಕೆಂಬುದು ಮೂರ್‌ಗೆ ಚೆನ್ನಾಗಿ ಗೊತ್ತಿತ್ತು.

‘ಡೇಬ್ರೇಕ್’ನ ಮೊದಲ ಅರ್ಧದಲ್ಲಿ ಆ ಕೈಚಳಕ ಪೂರ್ತಿ ಇದೆ. ಕಥಾಸರಣಿಯಲ್ಲಿ ಸಿಕ್ಕಿಬಿದ್ದಿದ್ದ ಮೂರ್, ಮುಖ್ಯವಾದದ್ದು ಪಾತ್ರಗಳು ಎಂದು ಬರಹಗಾರರ ಕೋಣೆಯ ಬೋರ್ಡಿನ ಮೇಲೆ ಬರೆದದ್ದು ಪ್ರಸಿದ್ಧ ಸಂಗತಿ. ಮಹಾನಾಶಕ್ಕೆ ಮುಂಚಿನ ಕಾಪ್ರಿಕಾ ನಗರದ ತುಣುಕುಗಳು ಹುಟ್ಟಿದ್ದು ಅದರಿಂದ: ಮನೆಯೊಳಗೆ ಹೊಕ್ಕ ಪಾರಿವಾಳದ ಹಿಂದೆ ಓಡುವ ಲೀ, ತಂಗಿಯರ ಸಾವಿನ ಸುದ್ದಿ ಕೇಳಿ ಕಾರಂಜಿಯ ನೀರಿನಲ್ಲಿ ನಡೆಯುವ ಲಾರಾ ರೋಸ್ಲಿನ್. ಇವು ಕಥೆಯನ್ನು ನಿಧಾನಗೊಳಿಸುತ್ತವೆ ಎಂದು ಗೊಣಗುವವರಿಗೆ ರೋಸ್ಲಿನ್ ಯಾಕೆ ಅಳುವುದಿಲ್ಲ ಎಂಬುದು ಕೊನೆಗೂ ಹೊಳೆಯುವುದಿಲ್ಲ.

ಒಪೆರಾ ಹೌಸ್ ಇನ್ನೊಂದು. ಮೊದಲ ಸೀಸನ್ನಿನ ಕೊನೆಯಲ್ಲಿ ಬಾಲ್ಟರ್ ಕಂಡ ಆ ದರ್ಶನಕ್ಕೆ ಮಕ್ರೀರಿ ತಂತಿವಾದ್ಯಗಳಲ್ಲಿ ಒಂದು ಪಸಕಾಲಿಯಾ ಬರೆದಿದ್ದರು. ಮಂದ್ರದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿರಬೇಕು, ಮೇಲಿನ ದನಿಗಳು ಮಾತ್ರ ಬದಲಾಗುತ್ತ ಹೋಗಬೇಕು, ಇದು ಆ ರೂಪದ ಕಟ್ಟಳೆ. ನಡೆದದ್ದೆಲ್ಲ ಮತ್ತೆ ನಡೆಯುತ್ತದೆ ಎಂದು ನಂಬುವ ಜನರ ಕಥೆಗೆ ಇದಕ್ಕಿಂತ ಸರಿಯಾದ ರೂಪ ಸಿಗದು. ‘ಡೇಬ್ರೇಕ್’ನಲ್ಲಿ ಆ ಒಪೆರಾ ಹೌಸ್ ಎಂದರೆ ಗ್ಯಾಲಕ್ಟಿಕಾದ ಯುದ್ಧಕೋಣೆಯೇ ಎಂದು ಗೊತ್ತಾಗುವಾಗ ಅದೇ ಮಂದ್ರದ ಸಾಲು ಹಿಂತಿರುಗುತ್ತದೆ. ಪುಟ್ಟ ಹೆರಾಳನ್ನು ಎತ್ತಿಕೊಂಡು ಸಿಕ್ಸ್ ಮತ್ತು ಬಾಲ್ಟರ್ ಒಳಗೆ ನಡೆಯುತ್ತಾರೆ. ಮೇಲಿನ ಅಟ್ಟಣೆಯಲ್ಲಿ ಐವರು ನಿಂತಿದ್ದಾರೆ. ಉತ್ತರ ಬೇಕು ಎನ್ನುವವರಿಗೆ ಉತ್ತರ ಸಿಕ್ಕಿತು. ಅವರಿಗೆ ಅದು ಕೇಳಿಸಲಿಲ್ಲ.

ಇನ್ನು ಕಾರಾ ಥ್ರೇಸ್. ಯುದ್ಧದ ನಡುವೆ ಹಡಗು ಎಲ್ಲಿಗಾದರೂ ಸರಿ ಜಿಗಿಯಲೇಬೇಕು, ದಿಕ್ಕು ಗೊತ್ತಿಲ್ಲ. ಹೆರಾ ಬರೆದ ಚುಕ್ಕೆಗಳು ಆ ‘ವಾಚ್‌ಟವರ್’ ಹಾಡಿನ ಸ್ವರಗಳೆಂದು ಕಾರಾಳಿಗೆ ಗೊತ್ತು. ಒಂದೊಂದು ಸ್ವರಕ್ಕೂ ಒಂದೊಂದು ಅಂಕಿ ಕೊಟ್ಟು ಯಂತ್ರದಲ್ಲಿ ಒತ್ತುತ್ತಾಳೆ. ಬೆನ್ನೆಲುಬು ಮುರಿದ ಗ್ಯಾಲಕ್ಟಿಕಾ ನಮ್ಮ ಚಂದ್ರನ ಪಕ್ಕದಲ್ಲಿ ತೇಲುತ್ತದೆ, ಆಚೆಗೆ ನೀಲಿ ಭೂಮಿ. ದೂರದರ್ಶನ ಇಷ್ಟು ನೇರವಾಗಿ ಸಂಗೀತವನ್ನು ನಂಬಿದ್ದು ಲೇಖಕನಿಗೆ ಬೇರೆಲ್ಲೂ ಕಂಡಿಲ್ಲ. ಆಮೇಲೆ ಹುಲ್ಲುಗಾವಲಿನಲ್ಲಿ ಲೀಯ ಜೊತೆ ಮಾತಾಡುತ್ತಲೇ ಕಾರಾ ಇಲ್ಲವಾಗುತ್ತಾಳೆ. ಅವಳು ದೇವತೆಯೇ, ಪ್ರೇತವೇ ಎಂದು ಜಗಳವಾಡುವವರು ಇಂದಿಗೂ ಇದ್ದಾರೆ. ಮೂರನೆಯ ಸೀಸನ್ನಿನಲ್ಲೇ ಸತ್ತವಳು, ತನ್ನ ಶವವನ್ನು ತಾನೇ ಸುಟ್ಟವಳು ಹಾಡನ್ನು ತಲುಪಿಸಲು ಉಳಿದಿದ್ದಳು. ಹಾಡು ತಲುಪಿತು. ಅವಳ ಮಟ್ಟಿಗೆ ಲೇಖಕನಿಗೆ ಒಂದು ಚೂರೂ ದೂರಿಲ್ಲ.

ದೂರು ಇರುವುದು ಅದೇ ಹುಲ್ಲುಗಾವಲಿನ ಇನ್ನೊಂದು ನಿರ್ಧಾರದ ಮೇಲೆ. ಹಡಗು, ಯಂತ್ರ, ಔಷಧಗಳನ್ನೆಲ್ಲ ಬಿಟ್ಟು ಬರಿಗೈಯಲ್ಲಿ ಹೊಸ ನೆಲದಲ್ಲಿ ಚದುರಿಹೋಗೋಣ ಎನ್ನುತ್ತಾನೆ ಲೀ. ಎಲ್ಲರೂ ಒಪ್ಪುತ್ತಾರೆ. ಎಲ್ಲರೂ! ಇದು ಯಾವ ಸರಣಿ? ‘33’ ಎಂಬ ಮೊದಲ ಕಂತಿನಿಂದಲೇ ಬದುಕುಳಿದವರ ಸಂಖ್ಯೆಯನ್ನು ರೋಸ್ಲಿನ್ ಬೋರ್ಡಿನ ಮೇಲೆ ಬರೆದಿಟ್ಟ ಸರಣಿ. ಆ ಕಂತಿನ ಕೊನೆಯಲ್ಲಿ ಒಂದು ಮಗು ಹುಟ್ಟಿದ್ದಕ್ಕೆ ಸಂಖ್ಯೆಯನ್ನು ಒಂದು ಹೆಚ್ಚಿಸಿ ನಕ್ಕ ಸರಣಿ. ಚುನಾವಣೆ ನಡೆಸಿ ಬಾಲ್ಟರ್‌ನನ್ನು ಗೆಲ್ಲಿಸಿದ ಸರಣಿ. ‘ಡರ್ಟಿ ಹ್ಯಾಂಡ್ಸ್’ನಲ್ಲಿ ಇಂಧನದ ಹಡಗಿನ ಕೂಲಿಗಳು ಮುಷ್ಕರ ಹೂಡಿದರು, ನಾಲ್ಕನೆಯ ಸೀಸನ್ನಿನಲ್ಲಿ ಗೇಟಾ ಮತ್ತು ಜ್ಯಾರೆಕ್ ದಂಗೆಯೆದ್ದರು. ಹೀಗೆ ಪ್ರತಿಯೊಂದಕ್ಕೂ ಜಗಳವಾಡಿದ ಜನ, ತಮ್ಮ ಮಕ್ಕಳಿಗೆ ವೈದ್ಯ ಬೇಡ ಎಂಬ ತೀರ್ಮಾನಕ್ಕೆ ತಲೆದೂಗುವುದು ಸಾಧ್ಯವೇ ಇಲ್ಲ. ಪ್ರಸಾರಕ್ಕೆ ಮೂರು ದಿನ ಮುಂಚೆ, ಮಾರ್ಚ್ 17ರಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಈ ಸರಣಿ ಎತ್ತಿದ ಮಾನವ ಹಕ್ಕುಗಳ ಪ್ರಶ್ನೆಗಳ ಮೇಲೆ ಚರ್ಚೆ ನಡೆದಿತ್ತು. ಮೂರ್ ಇದ್ದರು, ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಮತ್ತು ಮೇರಿ ಮೆಕ್‌ಡಾನೆಲ್ ಇದ್ದರು. ಅಂಥ ಸರಣಿ ತನ್ನ ಅತಿ ದೊಡ್ಡ ರಾಜಕೀಯ ತೀರ್ಮಾನವನ್ನು ಒಂದು ಮಾತಿನಲ್ಲಿ, ಒಂದು ಮತದಾನವೂ ಇಲ್ಲದೆ ಮುಗಿಸಿಬಿಟ್ಟಿತು. ವಿರೋಧಿಸುವ ಒಂದೇ ಒಂದು ದನಿ ಇದ್ದಿದ್ದರೆ ಸಾಕಿತ್ತು.

ನಟನೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಓಲ್ಮೋಸ್ ತನ್ನ ಉಂಗುರ ತೆಗೆದು ರೋಸ್ಲಿನ್‌ಳ ಬೆರಳಿಗೆ ತೊಡಿಸುವುದನ್ನು ಕಂಡವರಿಗೆ ವಿಮರ್ಶೆ ಬೇಕಿಲ್ಲ. ಯುದ್ಧದ ದೃಶ್ಯಗಳು ಚೆನ್ನಾಗಿವೆ. ಕ್ಯಾವಿಲ್‌ನ ಸಾವು ಥಟ್ಟನೆ ಮುಗಿಯುತ್ತದೆ, ಹಾಗೆ ಮುಗಿಯುವುದೇ ಅವನಿಗೆ ತಕ್ಕದ್ದು.

ನ್ಯೂಯಾರ್ಕಿನ ಉಪಸಂಹಾರ ಮಾತ್ರ ಬೇಡವಾಗಿತ್ತು. ಒಂದೂವರೆ ಲಕ್ಷ ವರ್ಷ ದಾಟಿ, ಇಂದಿನ ರಸ್ತೆಯಲ್ಲಿ ಪತ್ರಿಕೆ ಓದುತ್ತ ಸ್ವತಃ ಮೂರ್ ನಿಂತಿದ್ದಾರೆ. ಪಕ್ಕದಲ್ಲಿ ಇಬ್ಬರು ದೇವದೂತರು ಯಂತ್ರಮಾನವರ ಅಪಾಯವನ್ನು ವಿವರಿಸುತ್ತಾರೆ. ಆಮೇಲೆ ಕುಣಿಯುವ ರೋಬೋಟ್‌ಗಳ ಸಾಲು. ನಾಲ್ಕು ಸೀಸನ್ ನೋಡಿದವರಿಗೆ ಈ ಪಾಠ ಯಾಕೆ? ಸಮಾಧಿಯ ಕಲ್ಲುಗಳ ಪಕ್ಕ ಅಡಾಮಾ ಕುಳಿತಲ್ಲಿಗೆ ಕಂತು ಮುಗಿಯಬೇಕಿತ್ತು. ಈ ಉಪಸಂಹಾರದಲ್ಲಿ ಉಳಿಸಿಕೊಳ್ಳಬೇಕಾದದ್ದು ಕೊನೆಗೆ ಮೊಳಗುವ ಜಿಮಿ ಹೆಂಡ್ರಿಕ್ಸ್‌ನ 1968ರ ‘ವಾಚ್‌ಟವರ್’ ಒಂದನ್ನೇ. ಹಡಗಿನ ಗೋಡೆಗಳೊಳಗೆ ಹುಟ್ಟಿ, ಒಂದು ಮಗುವಿನ ಚಿತ್ರದಲ್ಲಿ ಚುಕ್ಕೆಗಳಾಗಿ, ಜಿಗಿತದ ಅಂಕಿಗಳಾಗಿ ಬಂದ ಹಾಡು ನಮಗೆ ಗೊತ್ತಿರುವ ರೂಪದಲ್ಲಿ ನಮ್ಮ ಕಾಲಕ್ಕೆ ಬಂದು ಸೇರುತ್ತದೆ. ಅದರ ಮೇಲೆ ರೋಬೋಟ್‌ಗಳನ್ನು ಕುಣಿಸಿದ್ದು ಅನ್ಯಾಯ.

ಹೊಸಬರಿಗೆ ಕ್ರಮ ಇಷ್ಟು. ‘33’ ನೋಡಿ, ಡೋಲುಗಳ ಪರಿಚಯವಾಗಲಿ. ‘ದ ಹ್ಯಾಂಡ್ ಆಫ್ ಗಾಡ್’ ಕೊನೆಯಲ್ಲಿ ಐರಿಷ್ ಧಾಟಿಯ ಅಡಾಮಾ ತಂದೆ-ಮಗನ ರಾಗವನ್ನು ಗುರುತಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ. ಮೊದಲ ಮತ್ತು ಮೂರನೆಯ ಸೀಸನ್‌ಗಳ ಕೊನೆಯ ಕಂತುಗಳನ್ನು ಎರಡೆರಡು ಸಲ ನೋಡಿ. ಟಿವಿಯ ಸಣ್ಣ ಸ್ಪೀಕರ್‌ಗೆ ಮಂದ್ರ ದಕ್ಕುವುದಿಲ್ಲ, ಹೆಡ್‌ಫೋನ್ ಇರಲಿ. ‘ಡೇಬ್ರೇಕ್’ಗೆ ಕೂರುವ ಹಿಂದಿನ ರಾತ್ರಿ ತಪ್ಪದೆ ‘ಸಮ್‌ವನ್ ಟು ವಾಚ್ ಓವರ್ ಮಿ’ ಕಂತನ್ನು ಇನ್ನೊಮ್ಮೆ ನೋಡಬೇಕು. ಕಾರಾ ಪಿಯಾನೊ ಮುಂದೆ ಕುಳಿತು, ಬಾಲ್ಯದಲ್ಲಿ ಅಪ್ಪ ಕಲಿಸಿದ ಹಾಡನ್ನು ಒಂದೊಂದೇ ಸ್ವರವಾಗಿ ಹುಡುಕಿ ನುಡಿಸುವುದು ಅಲ್ಲೇ. ಆ ಕಂತು ಕಿವಿಯಲ್ಲಿಲ್ಲದಿದ್ದರೆ ಮರುದಿನ ಅವಳು ಯಂತ್ರದಲ್ಲಿ ಒತ್ತುವುದು ಬರೀ ಅಂಕಿಗಳು.