ಡಕೋಟ ಅಂದರೆ ಬೈಗುಳವೆ?

ಲಟಾರಿ ಬಸ್ಸಿಗೆ ನಾವು ಡಕೋಟ ಅನ್ನುತ್ತೇವೆ. ಹೊಗೆ ಉಗುಳುವ ಸ್ಕೂಟರಿಗೂ ಅದೇ ಹೆಸರು. ಹಳೆಯ ವಿಮಾನಗಳ ಹುಚ್ಚು ಹತ್ತಿಸಿಕೊಂಡ ನನ್ನಂಥವನಿಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಚುರುಕ್ ಅನ್ನುತ್ತದೆ.

ಡಗ್ಲಾಸ್ ಕಂಪನಿಯ ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಅದರ ಯುದ್ಧಕಾಲದ ಅವತಾರಕ್ಕೆ ಬ್ರಿಟಿಷರು ಇಟ್ಟ ಹೆಸರು ಡಕೋಟ. ಅಮೆರಿಕದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು, ಕೆಲವು ಇಂದಿಗೂ ಹಾರುತ್ತಿವೆ.

ಇಷ್ಟು ದೀರ್ಘಾಯುಸ್ಸಿನ ಗುಟ್ಟು ಅದರಲ್ಲಿ ಇಲ್ಲದ್ದರಲ್ಲೇ ಇದೆ. ಕ್ಯಾಬಿನ್ನಿನೊಳಗೆ ಗಾಳಿಯ ಒತ್ತಡ ಏರಿಸುವ ಏರ್ಪಾಡು ಇದಕ್ಕಿಲ್ಲ. ಆ ಏರ್ಪಾಡಿರುವ ವಿಮಾನದ ಮೈ ಪ್ರತಿ ಹಾರಾಟಕ್ಕೂ ಬಲೂನಿನಂತೆ ಉಬ್ಬಿ ಇಳಿಯುತ್ತದೆ, ಲೋಹ ದಣಿಯುತ್ತದೆ. 1954ರಲ್ಲಿ ಎರಡು ಕಾಮೆಟ್ ಜೆಟ್‌ಗಳು ಆಕಾಶದಲ್ಲೇ ಒಡೆದುಹೋದದ್ದು ಹೀಗೆ. ಡಕೋಟಕ್ಕೆ ಆ ದಣಿವಿಲ್ಲ. ಮೇಲಾಗಿ ರೆಕ್ಕೆಯ ಭಾರವನ್ನು ಒಂದೇ ತೊಲೆ ಹೊರುವುದಿಲ್ಲ, ಹಲವು ಹಂಚಿಕೊಳ್ಳುತ್ತವೆ. ಆ ರೆಕ್ಕೆಯ ಹೊರಭಾಗವನ್ನು ಬೋಲ್ಟು ಬಿಚ್ಚಿ ತೆಗೆಯಬಹುದು.

ಇದರ ಪ್ರಯೋಜನ ಕಂಡದ್ದು 1941ರಲ್ಲಿ. ಚೀನಾದ ಸುಯಿಫುವಿನಲ್ಲಿ ನಿಂತಿದ್ದ ಡಿಸಿ-3ರ ಬಲರೆಕ್ಕೆಯನ್ನು ಜಪಾನಿಯರ ಬಾಂಬು ಹಾರಿಸಿತು. ಬದಲಿ ರೆಕ್ಕೆ ಇರಲಿಲ್ಲ. ಹಾಂಗ್‌ಕಾಂಗ್‌ನಲ್ಲಿದ್ದದ್ದು ಅದರ ಅಣ್ಣ ಡಿಸಿ-2ರ ರೆಕ್ಕೆ, ಐದು ಅಡಿ ಮೋಟು. ಅದನ್ನೇ ಇನ್ನೊಂದು ವಿಮಾನದ ಹೊಟ್ಟೆಗೆ ಕಟ್ಟಿ ತಂದು ಜೋಡಿಸಿದರು. ವಿಮಾನ ಹಾರಿತು! ಅದಕ್ಕೆ ಬಿದ್ದ ಅಡ್ಡಹೆಸರು ಡಿಸಿ-ಎರಡೂವರೆ.

ನಮ್ಮ ಬೆಂಗಳೂರಿಗೂ ಇದರ ಋಣವಿದೆ. ಯುದ್ಧಕಾಲದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ ಸೇನಾವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಡಕೋಟಗಳು ಇಲ್ಲೇ ಪ್ರಯಾಣಿಕರ ವಿಮಾನಗಳಾದವು. 1949ರಿಂದ ದಿಲ್ಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ರಾತ್ರಿ ಟಪಾಲು ಹೊತ್ತ ಡಕೋಟಗಳು ನಾಗಪುರದಲ್ಲಿ ಕೂಡಿ, ಚೀಲ ಬದಲಿಸಿಕೊಂಡು ಹಿಂದಿರುಗುತ್ತಿದ್ದವು. 1953ರಲ್ಲಿ ಇಂಡಿಯನ್ ಏರ್‌ಲೈನ್ಸ್ ಹುಟ್ಟಿದಾಗ ಅದರ 99 ವಿಮಾನಗಳಲ್ಲಿ 74 ಡಕೋಟಗಳೇ. ಸದ್ದು, ನಡುಕ ಎರಡೂ ಜಾಸ್ತಿ, ಒಪ್ಪುತ್ತೇನೆ.

ಅಮೆರಿಕದ ಆಷ್‌ಕಾಷ್‌ನಲ್ಲಿ ಬಾಸ್ಲರ್ ಎಂಬ ಕಂಪನಿ ಹಳೆಯ ಡಿಸಿ-3ಗಳ ಮೈ ಉದ್ದ ಮಾಡಿ, ಪಿಸ್ಟನ್ ಎಂಜಿನ್ ತೆಗೆದು ಟರ್ಬೈನ್ ಕೂರಿಸುತ್ತದೆ. ಹೊಸ ಎಂಜಿನ್ನಿನ ಮೇಲೆ ನನಗೆ ಅಂಥ ಪ್ರೀತಿಯಿಲ್ಲ. ಹಳೆಯದರ ಗುಡುಗು ಇದಕ್ಕೆಲ್ಲಿ ಬರಬೇಕು? ಆದರೂ ಹೀಗೆ ಮರುಹುಟ್ಟು ಪಡೆದವು ಕಾಲಿಗೆ ಹಿಮಪಟ್ಟಿ ಕಟ್ಟಿಕೊಂಡು ಅಂಟಾರ್ಕ್ಟಿಕಾದ ಮಂಜಿನ ಮೇಲೆ ಇಳಿಯುತ್ತಿವೆ.

ನಿಮ್ಮೂರಿನ ಬಸ್ಸಿಗೆ ದಯವಿಟ್ಟು ಬೇರೆ ಬೈಗುಳ ಹುಡುಕಿಕೊಳ್ಳಿ.